ಮರ್ಫಿ ನಿಯಮ: ಆಧುನಿಕ ನಾಣ್ಣುಡಿಯ ಕರಾಳ ಹಾಸ್ಯ ಮತ್ತು ಅದರ ಆಕರ್ಷಣೆ

ಗಾದೆಯನ್ನು ವೇದಕ್ಕೆ ಸಮವೆಂದು ಭಾವಿಸುವ ರೂಢಿ ಕನ್ನಡದಲ್ಲಿ ಬಲವಾಗಿ ಬೇರೂರಿದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬ ಮಾತು ಈ ಗೌರವವನ್ನು ಇನ್ನೂ ಒಂದು ಮೆಟ್ಟಿಲು ಮೇಲಕ್ಕೆ ಏರಿಸಿದೆ. ಇದರಿಂದ ಗಾದೆಗಳ ಸಂಗ್ರಹಕ್ಕೂ ಸಂರಕ್ಷಣೆಗೂ ಪ್ರಯೋಜನವಾಗಿರುವುದು ನಿಜ. ಆದರೆ ಗಾದೆಯೆಂದರೆ ಹಿರಿಯರ ಬುದ್ಧಿಮಾತು, ನೀತಿಬೋಧೆಯ ಸಾಧನ ಎಂಬ ಏಕಮುಖ ಗ್ರಹಿಕೆಯೂ ಇದರ ಜೊತೆಯಲ್ಲಿಯೇ ಬೆಳೆದುಬಂದಿದೆ. ಶಾಲಾ ಪ್ರಶ್ನೆಪತ್ರಿಕೆಗಳ 'ಗಾದೆಯ ವಿಸ್ತರಣೆ' ಈ ಗ್ರಹಿಕೆಯ ಫಲ. 'ಕೈ ಕೆಸರಾದರೆ ಬಾಯಿ ಮೊಸರು' ಎಂಬುದನ್ನು ಹೀಗೆ ವಿಸ್ತರಿಸುವುದು ಸುಲಭ. ಆದರೆ 'ಬರಗಾಲದಲ್ಲಿ ಅಧಿಕಮಾಸ' ಎಂಬ ಮಾತಿನಿಂದ ಯಾವ ನೀತಿಯನ್ನು ಹಿಂಡಿ ತೆಗೆಯಲು ಸಾಧ್ಯ? 'ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು' ಎಂಬುದು ಯಾರಿಗೆ ಏನನ್ನು ಬೋಧಿಸುತ್ತದೆ? ಇವು ಬೋಧಿಸುವುದಿಲ್ಲ, ನಗಿಸುತ್ತವೆ. ಆ ನಗೆ ಸುಖದ ನಗೆಯಲ್ಲ.

ಗಾದೆಯ ಈ ಕಹಿ ಮುಖವನ್ನು ಅರಿಯಲು ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದ ನಾಣ್ಣುಡಿಗಳು ನೆರವಾಗುತ್ತವೆ. ಅವುಗಳಲ್ಲಿ ಅತ್ಯಂತ ವ್ಯಾಪಕವಾಗಿ ಹರಡಿದ್ದು 'ಮರ್ಫಿ ನಿಯಮ'. ಕೆಡಲು ಸಾಧ್ಯವಿರುವುದೆಲ್ಲವೂ ಕೆಟ್ಟೇ ತೀರುತ್ತದೆ ಎಂಬುದು ಅದರ ಸಾರ. ಈ ನಿಯಮದ ಹುಟ್ಟು, ರೂಪ ಮತ್ತು ಬಳಕೆಗಳನ್ನು ಕನ್ನಡದ ಕೆಲವು ಗಾದೆಗಳೊಡನೆ ಇಟ್ಟು ನೋಡಿ, ಆಧುನಿಕ ನಾಣ್ಣುಡಿಯ ಕರಾಳ ಹಾಸ್ಯದ ಆಕರ್ಷಣೆ ಎಲ್ಲಿದೆ, ಅದರ ಅಪಾಯವೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಹುಟ್ಟಿನ ಕಥೆ

ಈ ನಿಯಮದ ಹುಟ್ಟಿನ ಬಗ್ಗೆ ಪ್ರಚಲಿತವಿರುವ ವೃತ್ತಾಂತವು ಅಮೆರಿಕದ ಕ್ಯಾಲಿಫೋರ್ನಿಯಾದ ಮ್ಯುರಾಕ್ ವಾಯುನೆಲೆಗೆ ಸಂಬಂಧಿಸಿದೆ. ಇದೇ ಮುಂದೆ ಎಡ್ವರ್ಡ್ಸ್ ವಾಯುನೆಲೆ ಎಂದು ಹೆಸರಾಯಿತು. ವೇಗವಾಗಿ ಚಲಿಸುವ ವಾಹನ ಒಮ್ಮೆಲೇ ನಿಂತಾಗ ಮನುಷ್ಯನ ದೇಹ ಎಷ್ಟು ಬಲವನ್ನು ತಾಳಬಲ್ಲದು ಎಂಬುದನ್ನು ತಿಳಿಯಲು ಅಲ್ಲಿ 1940ರ ದಶಕದ ಕೊನೆಯಲ್ಲಿ ರಾಕೆಟ್ ಬಂಡಿಯ ಪ್ರಯೋಗಗಳು ನಡೆದವು. ವಾಯುಪಡೆಯ ವೈದ್ಯಾಧಿಕಾರಿ ಜಾನ್ ಪಾಲ್ ಸ್ಟ್ಯಾಪ್ ಅವುಗಳ ಮುಂದಾಳು. ಅನೇಕ ಪ್ರಯೋಗಗಳಲ್ಲಿ ಬಂಡಿಯ ಮೇಲೆ ಕುಳಿತವರೂ ಅವರೇ. 1949ರಲ್ಲಿ ಎಂಜಿನಿಯರ್ ಕ್ಯಾಪ್ಟನ್ ಎಡ್ವರ್ಡ್ ಎ. ಮರ್ಫಿ ಬಲವನ್ನು ಅಳೆಯುವ ಸಂವೇದಕಗಳನ್ನು ಅಲ್ಲಿಗೆ ತಂದರು. ಪ್ರಯೋಗ ನಡೆಯಿತು, ಆದರೆ ಉಪಕರಣ ಯಾವ ಅಳತೆಯನ್ನೂ ತೋರಿಸಲಿಲ್ಲ. ಸಂವೇದಕಗಳ ತಂತಿಗಳನ್ನು ತಿರುಗುಮುರುಗಾಗಿ ಜೋಡಿಸಲಾಗಿತ್ತು.

ಆಗ ಮರ್ಫಿಯವರು ಆಡಿದ ಮಾತು ಯಾವುದು ಎಂಬ ಬಗ್ಗೆ ಪ್ರತ್ಯಕ್ಷದರ್ಶಿಗಳಲ್ಲಿ ಒಮ್ಮತವಿಲ್ಲ. ಒಂದು ನಿರೂಪಣೆಯಂತೆ, ಅವರು ಜೋಡಣೆ ಮಾಡಿದ ಸಹಾಯಕನನ್ನು ಕುರಿತು, ತಪ್ಪು ಮಾಡಲು ದಾರಿಯೊಂದಿದ್ದರೆ ಆತ ಅದನ್ನು ಹುಡುಕಿಯೇ ಹುಡುಕುತ್ತಾನೆ ಎಂದು ಸಿಡುಕಿದರು. ನಾರ್ತ್ರಾಪ್ ಕಂಪನಿಯ ಪರವಾಗಿ ಅಲ್ಲಿದ್ದ ಜಾರ್ಜ್ ನಿಕೋಲ್ಸ್ ಇದನ್ನು 'ಮರ್ಫಿ ನಿಯಮ' ಎಂದು ಕರೆದರು. ಮುಂದೆ ಸ್ಟ್ಯಾಪ್ ಅವರು ಪತ್ರಕರ್ತರೊಡನೆ ಮಾತನಾಡುತ್ತ, ತಮ್ಮ ತಂಡದ ಸುರಕ್ಷತೆಗೆ ಈ ನಿಯಮದಲ್ಲಿ ಇಟ್ಟ ನಂಬಿಕೆಯೇ ಕಾರಣವೆಂದು ತಿಳಿಸಿದರೆಂದೂ, ಅಲ್ಲಿಂದ ಅದು ಹೊರಜಗತ್ತಿಗೆ ಹಬ್ಬಿತೆಂದೂ ಹೇಳಲಾಗುತ್ತದೆ. ನಿಕ್ ಸ್ಪಾರ್ಕ್ ಈ ಭಿನ್ನ ನಿರೂಪಣೆಗಳನ್ನು ಸಂಗ್ರಹಿಸಿದ್ದಾರೆ. ಒಂದೇ ಘಟನೆಗೆ ಹಲವು ಪಾಠಾಂತರಗಳಿರುವುದು ಇತಿಹಾಸಕಾರನಿಗೆ ತೊಡಕಾದರೂ ಜಾನಪದ ವಿದ್ವಾಂಸನಿಗೆ ಪರಿಚಿತವಾದ ಸ್ಥಿತಿಯೇ. ಬಾಯಿಂದ ಬಾಯಿಗೆ ಹೋಗುವ ಯಾವ ಮಾತಿನ ಮೂಲವೂ ಹೀಗೆಯೇ ಇರುತ್ತದೆ.

ಈ ಆಶಯ 1949ರಲ್ಲಿಯೇ ಮೊದಲ ಬಾರಿಗೆ ಹುಟ್ಟಿದ್ದೂ ಅಲ್ಲ. ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್ 1866ರಲ್ಲಿ ಸಂಭವನೀಯತೆಯನ್ನು ಕುರಿತು ಬರೆಯುವಾಗಲೂ, ಹಡಗು ಎಂಜಿನಿಯರ್ ಆಲ್‌ಫ್ರೆಡ್ ಹೋಲ್ಟ್ 1877ರಲ್ಲಿ ಸಮುದ್ರಯಾನದ ಅಪಾಯಗಳನ್ನು ವಿವರಿಸುವಾಗಲೂ, ಇಂದ್ರಜಾಲಗಾರ ನೆವಿಲ್ ಮ್ಯಾಸ್ಕೆಲಿನ್ 1908ರಲ್ಲಿ ರಂಗಪ್ರದರ್ಶನದ ಕಷ್ಟಗಳನ್ನು ಹೇಳುವಾಗಲೂ ಇದಕ್ಕೆ ತೀರ ಸಮೀಪದ ಮಾತುಗಳನ್ನಾಡಿದ್ದರು. ಗಣಿತಜ್ಞನ ಮಾತು ಬೇರೆ ಬಗೆಯದು. ಆದರೆ ಹಡಗು ಮತ್ತು ರಂಗಗಳಿಗೆ ರಾಕೆಟ್ ಬಂಡಿಯೊಡನೆ ಒಂದು ಸಾಮ್ಯವಿದೆ. ಮೂರೂ ಕಡೆ ಒಂದು ಸಣ್ಣ ಲೋಪ ಇಡೀ ಕಾರ್ಯವನ್ನು ಕೆಡಿಸಬಲ್ಲದು. ಆದುದರಿಂದ ಈ ಮಾತನ್ನು ಒಬ್ಬ ವ್ಯಕ್ತಿಯ ಸೃಷ್ಟಿಯೆನ್ನುವುದಕ್ಕಿಂತ ಯಂತ್ರಗಳನ್ನು ನಂಬಿ ಬದುಕುವ ಸಮುದಾಯದ ಅನುಭವವೆನ್ನುವುದು ಹೆಚ್ಚು ಸಮಂಜಸ.

ಮರ್ಫಿ ಎಂಬ ಅಂಕಿತ

ಹಾಗಿದ್ದರೂ ಮರ್ಫಿಯ ಹೆಸರೇ ಏಕೆ ಉಳಿಯಿತು ಎಂಬ ಪ್ರಶ್ನೆ ಏಳುತ್ತದೆ. ಸಾಂಪ್ರದಾಯಿಕ ಗಾದೆಗೆ ಕರ್ತೃವಿಲ್ಲ. ಆಧುನಿಕ ನಾಣ್ಣುಡಿಯಾದರೋ ಒಂದು ಹೆಸರನ್ನು ಬಯಸುತ್ತದೆ. ಆದರೆ ಆ ಹೆಸರು ಕರ್ತೃತ್ವದ ಗುರುತಾಗಿ ಬಹುಕಾಲ ನಿಲ್ಲುವುದಿಲ್ಲ. ಕನ್ನಡದಲ್ಲಿ ಸರ್ವಜ್ಞನ ಅಂಕಿತ ಹೇಗೆ ಅನೇಕ ಅನಾಮಿಕ ತ್ರಿಪದಿಗಳನ್ನು ತನ್ನೆಡೆಗೆ ಸೆಳೆದುಕೊಂಡಿತೋ, ಹಾಗೆಯೇ ಮರ್ಫಿಯ ಹೆಸರು ನೂರಾರು ಉಪನಿಯಮಗಳನ್ನು ಸೆಳೆದುಕೊಂಡಿದೆ. ನಾವು ನಿಂತ ಸಾಲು ಬಿಟ್ಟು ಪಕ್ಕದ ಸಾಲೇ ಬೇಗ ಸಾಗುವುದು, ಕೊಡೆ ತಂದ ದಿನ ಮಳೆ ಬಾರದಿರುವುದು, ಕಳೆದ ವಸ್ತು ಹೊಸದನ್ನು ಕೊಂಡ ಮರುದಿನ ಸಿಗುವುದು, ಇವೆಲ್ಲ ಈಗ ಮರ್ಫಿಯ ಖಾತೆಯಲ್ಲಿವೆ. 1977ರಲ್ಲಿ ಆರ್ಥರ್ ಬ್ಲಾಕ್ ಇಂತಹ ಮಾತುಗಳ ಸಂಕಲನವನ್ನು ಪ್ರಕಟಿಸಿದ ನಂತರ ಈ ಬೆಳವಣಿಗೆ ಇನ್ನೂ ತ್ವರಿತವಾಯಿತು. ಮರ್ಫಿ ಆಶಾವಾದಿಯಾಗಿದ್ದ ಎಂಬ ಅರ್ಥದ ಒಂದು 'ಭಾಷ್ಯ'ವೂ ಓಟೂಲ್ ಎಂಬ ಹೆಸರಿನಲ್ಲಿ ಪ್ರಚಾರದಲ್ಲಿದೆ. ಸೂತ್ರಕ್ಕೆ ಭಾಷ್ಯ ಹುಟ್ಟುವುದು ಶಾಸ್ತ್ರಪರಂಪರೆಯ ಲಕ್ಷಣವಾದರೆ, ಆ ಭಾಷ್ಯವೇ ಸೂತ್ರವನ್ನು ಅಣಕಿಸುವುದು ಜನಪದರ ಲಕ್ಷಣ.

ಹೆಸರಿರುವ ಮಾತನ್ನು ಜಾನಪದವೆನ್ನಬಹುದೇ ಎಂಬ ಶಂಕೆಗೆ ಆಲನ್ ಡಂಡೆಸ್ ಅವರ ಕೆಲಸದಲ್ಲಿ ಉತ್ತರವಿದೆ. ಅವರು ಕಾರ್ಲ್ ಪ್ಯಾಗ್ಟರ್ ಅವರೊಡಗೂಡಿ 1975ರಲ್ಲಿ ಪ್ರಕಟಿಸಿದ ಸಂಗ್ರಹವು ಕಚೇರಿಗಳಲ್ಲಿ ನೆರಳಚ್ಚು ಪ್ರತಿಗಳಾಗಿ ಕೈಯಿಂದ ಕೈಗೆ ಸಾಗುತ್ತಿದ್ದ ಅಣಕುಬರಹಗಳನ್ನು ಜಾನಪದವೆಂದು ಸ್ಥಾಪಿಸಿತು. ಜಾನಪದವು ಹಳ್ಳಿಗೆ, ಅನಕ್ಷರತೆಗೆ, ಬಾಯ್ದೆರೆಗೆ ಮಾತ್ರ ಸೀಮಿತವಲ್ಲ ಎಂಬ ಅವರ ವಾದವನ್ನು ಕನ್ನಡದ ಜಾನಪದ ಅಧ್ಯಯನವು ತಾತ್ತ್ವಿಕವಾಗಿ ಒಪ್ಪಿಕೊಂಡಿದ್ದರೂ, ಕ್ಷೇತ್ರಕಾರ್ಯದಲ್ಲಿ ಕಚೇರಿಯ ಗೋಡೆಯ ಕಡೆಗೆ ನೋಡಿದ್ದು ಕಡಿಮೆ.

ವಿಜ್ಞಾನದ ವೇಷ

ರೂಪದ ದೃಷ್ಟಿಯಿಂದ ಕನ್ನಡದ ಗಾದೆಗೂ ಮರ್ಫಿ ನಿಯಮಕ್ಕೂ ಇರುವ ಅಂತರ ಗಮನಾರ್ಹವಾದುದು. ಗಾದೆ ಚಿತ್ರದ ಮೂಲಕ ಮಾತನಾಡುತ್ತದೆ. ಸಮುದ್ರ, ಮೊಣಕಾಲು, ಕಡಲೆ, ಹಲ್ಲು, ಬೆಕ್ಕು, ಇಲಿ ಅದರ ಸಾಮಗ್ರಿ. ಮರ್ಫಿ ನಿಯಮದಲ್ಲಿ ಚಿತ್ರವಿಲ್ಲ. ಅದು 'ಸಾಧ್ಯವಿರುವುದೆಲ್ಲವೂ' ಎಂದು ವಿನಾಯಿತಿಯಿಲ್ಲದೆ ಸಾರುತ್ತದೆ. ತನ್ನನ್ನು ನಿಯಮವೆಂದು ಕರೆದುಕೊಂಡು ನ್ಯೂಟನ್ನನ ಪಕ್ಕದಲ್ಲಿ ಆಸನ ಹಾಕಿಕೊಳ್ಳುತ್ತದೆ. ನಿಯಮವೆಂಬ ಶಬ್ದದ ಗಾಂಭೀರ್ಯಕ್ಕೂ ಅದು ಹೇಳುವ ವಿಷಯದ ಕ್ಷುಲ್ಲಕತೆಗೂ ಇರುವ ಅಸಂಗತಿಯೇ ಹಾಸ್ಯದ ಮೂಲ.

ಈ ವೇಷ ಮರ್ಫಿಗೆ ಮಾತ್ರ ಸೀಮಿತವಲ್ಲ. ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1955ರಲ್ಲಿ 'ದಿ ಎಕಾನಮಿಸ್ಟ್' ಪತ್ರಿಕೆಯಲ್ಲಿ ಮಂಡಿಸಿದ ನಿಯಮವು ಕೆಲಸವು ಅದಕ್ಕಿರುವ ಕಾಲಾವಕಾಶವನ್ನು ತುಂಬುವಷ್ಟು ಹಿಗ್ಗುತ್ತದೆ ಎನ್ನುತ್ತದೆ. ಅವರು ಅದಕ್ಕೆ ಬ್ರಿಟಿಷ್ ನೌಕಾಡಳಿತದ ಅಂಕಿಗಳನ್ನು ಒದಗಿಸಿದರು: 1914ರಿಂದ 1928ರ ಅವಧಿಯಲ್ಲಿ ದೊಡ್ಡ ಯುದ್ಧನೌಕೆಗಳು 62ರಿಂದ 20ಕ್ಕೆ ಇಳಿದರೆ, ಆಡಳಿತ ಕಚೇರಿಯ ಅಧಿಕಾರಿಗಳು 2000ದಿಂದ 3569ಕ್ಕೆ ಏರಿದರು. ಲಾರೆನ್ಸ್ ಪೀಟರ್ ಮತ್ತು ರೇಮಂಡ್ ಹಲ್ 1969ರಲ್ಲಿ ನಿರೂಪಿಸಿದ ತತ್ತ್ವದಂತೆ ನೌಕರನು ತನಗೆ ನಿಭಾಯಿಸಲಾಗದ ಹುದ್ದೆಯನ್ನು ತಲಪುವವರೆಗೆ ಬಡ್ತಿ ಪಡೆಯುತ್ತಲೇ ಹೋಗುತ್ತಾನೆ. 'ಹಾಳೂರಿಗೆ ಉಳಿದವನೇ ಗೌಡ' ಎಂಬ ಕನ್ನಡ ಗಾದೆಯೂ ಅಧಿಕಾರ ಮತ್ತು ಅರ್ಹತೆಗಳ ನಡುವಿನ ಬಿರುಕನ್ನೇ ತೋರುತ್ತದೆ. ಆದರೆ ಗಾದೆಯಲ್ಲಿ ಅದಕ್ಕೆ ಊರು ಹಾಳಾಗಬೇಕು. ಪೀಟರ್ ತತ್ತ್ವದಲ್ಲಿ ಊರು ಸುಸ್ಥಿತಿಯಲ್ಲಿರುವಾಗಲೇ ಅದು ನಡೆಯುತ್ತದೆ. ಕರಾಳತೆ ಹೆಚ್ಚಿರುವುದು ಇಲ್ಲಿಯೇ.

ಈ ವೇಷವನ್ನು ವಿಜ್ಞಾನಿಯೊಬ್ಬರು ಪರೀಕ್ಷಿಸಿಯೂ ನೋಡಿದರು. ಬೆಣ್ಣೆ ಸವರಿದ ರೊಟ್ಟಿ ಬಿದ್ದರೆ ಬೆಣ್ಣೆಯ ಮಗ್ಗುಲೇ ನೆಲಕ್ಕೆ ತಾಗುತ್ತದೆ ಎಂಬುದು ಯೂರೋಪಿನಲ್ಲಿ ಮರ್ಫಿಗಿಂತ ಹಳೆಯದಾದ ಮಾತು. ಅದು ಕೇವಲ ಭ್ರಮೆಯಲ್ಲವೆಂದು ರಾಬರ್ಟ್ ಮ್ಯಾಥ್ಯೂಸ್ 1995ರಲ್ಲಿ ಭೌತಶಾಸ್ತ್ರದ ನಿಯತಕಾಲಿಕವೊಂದರಲ್ಲಿ ತೋರಿಸಿಕೊಟ್ಟರು. ಸಾಮಾನ್ಯ ಎತ್ತರದ ಮೇಜಿನಿಂದ ಜಾರಿದ ರೊಟ್ಟಿಗೆ ನೆಲ ಮುಟ್ಟುವ ಮೊದಲು ಸುಮಾರು ಅರ್ಧ ಸುತ್ತು ತಿರುಗಲು ಮಾತ್ರ ಅವಕಾಶ ಸಿಗುತ್ತದೆ. ಮೇಜಿನ ಎತ್ತರ ಮನುಷ್ಯನ ಎತ್ತರಕ್ಕೆ ತಕ್ಕಂತಿರುತ್ತದೆ. ಹೀಗೆ ದುರದೃಷ್ಟದ ಕಾರಣ ತಿನ್ನುವವನ ಹಣೆಬರಹದಲ್ಲಿಲ್ಲ, ಮೇಜಿನ ಅಳತೆಯಲ್ಲಿದೆ. ಈ ಸಂಶೋಧನೆಗೆ 1996ರಲ್ಲಿ ಇಗ್ನೊಬೆಲ್ ಎಂಬ ವಿನೋದದ ಬಹುಮಾನ ದೊರೆಯಿತು. 2003ರಲ್ಲಿ ಅದೇ ಬಹುಮಾನ ಸ್ಟ್ಯಾಪ್, ಮರ್ಫಿ, ನಿಕೋಲ್ಸ್ ಮೂವರಿಗೂ ಸಂದಿತು.

ಕನ್ನಡದಲ್ಲಿ ರೊಟ್ಟಿ ಜಾರಿದರೆ ತುಪ್ಪಕ್ಕೆ ಬೀಳುತ್ತದೆ. ಇದನ್ನು ಆಧರಿಸಿ ಒಂದು ಸಂಸ್ಕೃತಿ ಆಶಾವಾದಿ, ಇನ್ನೊಂದು ನಿರಾಶಾವಾದಿ ಎಂದು ತೀರ್ಮಾನಿಸುವುದು ಅವಸರವಾದೀತು. 'ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು' ಎಂಬ ಮಾತನ್ನು ಜನರು ತಮ್ಮ ಭಾಗ್ಯಕ್ಕಿಂತ ಹೆಚ್ಚಾಗಿ ಇನ್ನೊಬ್ಬನ ಭಾಗ್ಯವನ್ನು ಕಂಡು, ತುಸು ಹೊಟ್ಟೆಯುರಿಯಿಂದ ಆಡುತ್ತಾರೆ ಎಂಬುದನ್ನು ಮರೆಯಲಾಗದು. ತುಪ್ಪ ಯಾವಾಗಲೂ ಪಕ್ಕದ ಮನೆಯದು.

ಪಾಪಿಯಿಂದ ನಿಯಮಕ್ಕೆ

ಕನ್ನಡದ ಕಹಿಗಾದೆಗಳನ್ನು ಈ ಹಿನ್ನೆಲೆಯಲ್ಲಿ ಮತ್ತೆ ಓದಬಹುದು. 'ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು' ಎಂಬಲ್ಲಿ ಆತ ಹೋದದ್ದು ಮೀಯಲೆಂದು ಅರ್ಥೈಸಬಹುದು, ಸಾಯಲೆಂದೂ ಅರ್ಥೈಸಬಹುದು. ಎರಡನೆಯ ಅರ್ಥದಲ್ಲಿ ಗಾದೆಯ ಕ್ರೌರ್ಯ ಬಯಲಾಗುತ್ತದೆ. ಸಾವೂ ಅವನಿಗೆ ಒದಗುವುದಿಲ್ಲ. ಇದು ಮರ್ಫಿ ನಿಯಮದ ಆಶಯವೇ, ಆದರೆ ಒಂದು ಪದದ ವ್ಯತ್ಯಾಸವಿದೆ. ಗಾದೆಯು ಆ ಮನುಷ್ಯನನ್ನು 'ಪಾಪಿ' ಎಂದು ಕರೆಯುತ್ತದೆ. ಸಮುದ್ರ ಬತ್ತಿದ್ದಕ್ಕೆ ಅವನ ಕರ್ಮವೇ ಕಾರಣವೆಂಬ ತೀರ್ಪು ಆ ಪದದಲ್ಲಿ ಅಡಗಿದೆ. ನಗುವವರು ದಡದಲ್ಲಿದ್ದಾರೆ, ಅವನೊಬ್ಬನೇ ನೀರಿನಲ್ಲಿದ್ದಾನೆ.

'ಬರಗಾಲದಲ್ಲಿ ಅಧಿಕಮಾಸ' ಎಂಬಲ್ಲಿ ಪಾಪಿಯಿಲ್ಲ. ಚಾಂದ್ರಮಾನ ವರ್ಷವನ್ನು ಸೌರವರ್ಷದೊಡನೆ ಹೊಂದಿಸಲು 19 ವರ್ಷಗಳಲ್ಲಿ 7 ಅಧಿಕಮಾಸಗಳು ಸೇರುತ್ತವೆ. ಇದು ಯಾರ ತಪ್ಪೂ ಅಲ್ಲ, ಲೆಕ್ಕಾಚಾರ. ಆದರೆ ಹಸಿದವನಿಗೆ ಪಂಚಾಂಗವೇ ಒಂದು ತಿಂಗಳ ಹಸಿವನ್ನು ಹೆಚ್ಚಾಗಿ ಕೊಟ್ಟಂತೆ ತೋರುತ್ತದೆ. 'ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ' ಎಂಬುದೂ ಇದೇ ಜಾತಿಯದು. ಇವುಗಳಲ್ಲಿ ದುರದೃಷ್ಟವು ವ್ಯಕ್ತಿಯ ಗುಣವಾಗಿ ಅಲ್ಲ, ಲೋಕದ ವ್ಯವಸ್ಥೆಯಾಗಿ ಕಾಣಿಸಿಕೊಂಡಿದೆ. ಮರ್ಫಿ ನಿಯಮದ ನಿಜವಾದ ಪೂರ್ವಜರು ಈ ಗಾದೆಗಳು.

ಈ ದೃಷ್ಟಿಯಿಂದ ಮ್ಯುರಾಕ್‌ನ ವೃತ್ತಾಂತಕ್ಕೆ ಹೊಸ ಅರ್ಥ ಬರುತ್ತದೆ. ಮರ್ಫಿಯವರ ಮೊದಲ ಸಿಡುಕು ಒಬ್ಬ ಸಹಾಯಕನ ಮೇಲಿತ್ತು ಎಂಬ ನಿರೂಪಣೆಯನ್ನು ಒಪ್ಪುವುದಾದರೆ, ಅದು ಪಾಪಿಯ ಗಾದೆಯೇ ಆಗಿತ್ತು. ತಂಡವು ಅದನ್ನು ನಿಯಮವನ್ನಾಗಿ ಮಾರ್ಪಡಿಸಿದಾಗ ಆ ಸಹಾಯಕ ಅದರಿಂದ ಮಾಯವಾದ. ಎರಡು ಬಗೆಯಲ್ಲಿ ಜೋಡಿಸಬಹುದಾದ ತಂತಿಯನ್ನು ಒಂದು ದಿನ ಯಾರಾದರೂ ತಪ್ಪಾಗಿ ಜೋಡಿಸಿಯೇ ತೀರುತ್ತಾರೆ. ದೋಷ ಕೈಯದಲ್ಲ, ಎರಡು ಬಗೆಗೆ ಅವಕಾಶವಿತ್ತ ವಿನ್ಯಾಸದ್ದು ಎಂಬ ಅರಿವು ಅದರ ಸ್ಥಾನಕ್ಕೆ ಬಂತು. ಆಧುನಿಕ ನಾಣ್ಣುಡಿಯ ಆಕರ್ಷಣೆಯ ಮೂಲ ಈ ಖುಲಾಸೆಯಲ್ಲಿದೆ. ತನಗೇ ಏಕೆ ಹೀಗಾಯಿತು ಎಂದು ಕೊರಗುವವನಿಗೆ ಅದು, ನಿನಗೆ ಮಾತ್ರವಲ್ಲ, ನೀನು ಪಾಪಿಯೂ ಅಲ್ಲ ಎಂದು ತಿಳಿಸುತ್ತದೆ.

ಯಾರು, ಯಾರಿಗೆ

ಖುಲಾಸೆಯ ಮಾತು ಎಲ್ಲರ ಬಾಯಲ್ಲಿಯೂ ಒಂದೇ ಬೆಲೆಯದಲ್ಲ. ಫ್ರಾಯ್ಡ್ ಹಾಸ್ಯವನ್ನು ಕುರಿತು ಬರೆದಾಗ ಬಳಸಿದ ಉದಾಹರಣೆ ಪ್ರಸಿದ್ಧವಾಗಿದೆ: ಸೋಮವಾರ ಗಲ್ಲಿಗೆ ಹೋಗುವ ಕೈದಿ ವಾರದ ಆರಂಭ ಚೆನ್ನಾಗಿಯೇ ಆಯಿತೆನ್ನುತ್ತಾನೆ. ಈ ಮಾತು ಘನತೆ ಪಡೆಯುವುದು ಅದನ್ನು ಕೈದಿ ಆಡಿದಾಗ. ಗಲ್ಲಿಗೇರಿಸುವವನು ಆಡಿದ್ದರೆ ಅದೇ ಮಾತು ಅಸಹ್ಯವಾಗುತ್ತಿತ್ತು. ನಾಟ್ಸಿ ಆಕ್ರಮಣಕ್ಕೆ ಒಳಗಾದ ಚೆಕೊಸ್ಲೊವಾಕಿಯದ ಜನರ ಗಲ್ಲುಗಂಬದ ಹಾಸ್ಯವನ್ನು 1942ರಲ್ಲಿ ವಿವೇಚಿಸಿದ ಆಂಟೊನಿನ್ ಓಬ್ರ್ಡ್ಲಿಕ್ ಅವರೂ ಅದನ್ನು ತುಳಿತಕ್ಕೊಳಗಾದವರ ನೈತಿಕ ಬಲವಾಗಿ ಕಂಡರು. ಗಾದೆಯನ್ನು ಅದರ ಪಠ್ಯದಿಂದ ಮಾತ್ರ ಅರಿಯಲಾಗದು, ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳಿದರೆಂಬುದು ಮುಖ್ಯವೆಂದು ಅರೆವಾ ಮತ್ತು ಡಂಡೆಸ್ 1964ರಲ್ಲಿಯೇ ಪ್ರತಿಪಾದಿಸಿದ್ದರು.

ಈ ಮಾನದಂಡವನ್ನು ಮರ್ಫಿ ನಿಯಮಕ್ಕೆ ಅನ್ವಯಿಸಬಹುದು. ಕಡತ ಕಳೆದುಹೋದ ಪಿಂಚಣಿದಾರನೊಬ್ಬ ಕಚೇರಿಯ ಬಾಗಿಲಲ್ಲಿ ನಿಂತು ಈ ಮಾತನ್ನಾಡಿದರೆ ಅದು ಅವನ ಧೈರ್ಯ. ಅದೇ ಮಾತನ್ನು ಮೇಜಿನ ಹಿಂದೆ ಕುಳಿತ ಗುಮಾಸ್ತ ನಗುತ್ತ ಹೇಳಿದರೆ ಅದು ಹೊಣೆಯಿಂದ ಜಾರಿಕೊಳ್ಳುವ ಉಪಾಯ. ಪಠ್ಯದಲ್ಲಿ ಒಂದಕ್ಷರವೂ ಬದಲಾಗಿಲ್ಲ. 'ದೇವರು ವರ ಕೊಟ್ಟರೂ ಪೂಜಾರಿ ಕೊಡ' ಎಂಬ ಗಾದೆಗೆ ಇಂತಹ ದುರುಪಯೋಗದ ಭಯವಿಲ್ಲ, ಏಕೆಂದರೆ ಅದರಲ್ಲಿ ಪೂಜಾರಿಯ ಹೆಸರಿದೆ. ಮರ್ಫಿ ನಿಯಮದಲ್ಲಿ ಯಾರ ಹೆಸರೂ ಇಲ್ಲ. ಪಾಪಿಯನ್ನು ಬಿಡುಗಡೆ ಮಾಡಿದ ಅದೇ ಅಮೂರ್ತತೆ ಪೂಜಾರಿಯನ್ನೂ ಬಿಡುಗಡೆ ಮಾಡಿಬಿಡುತ್ತದೆ. ಆಧುನಿಕ ನಾಣ್ಣುಡಿಯ ಶಕ್ತಿ ಮತ್ತು ಮಿತಿ ಒಂದೇ ಬಿಂದುವಿನಲ್ಲಿವೆ.

ಹಳೆಯ ಗಾದೆಯನ್ನು ತಿರುಚಿ ಹೇಳುವ ಪ್ರತಿಗಾದೆಗಳು ಈ ಮಿತಿಯನ್ನು ಮೀರಬಲ್ಲವು. ಇಂತಹ ರಚನೆಗಳಿಗೆ ವುಲ್ಫ್‌ಗ್ಯಾಂಗ್ ಮೀಡರ್ 1980ರ ದಶಕದಲ್ಲಿ ಈ ಅರ್ಥದ ಹೆಸರನ್ನಿತ್ತು ವಿಸ್ತಾರವಾಗಿ ಸಂಗ್ರಹಿಸಿದರು. 'ಕೈ ಕೆಸರಾದರೆ ಬಾಯಿ ಮೊಸರು' ಎಂಬುದನ್ನು 'ಕೈ ಕೆಸರಾದವನೊಬ್ಬ, ಬಾಯಿ ಮೊಸರಾದವನೊಬ್ಬ' ಎಂದು ತಿರುಚಿದರೆ ನಗೆಯ ಜೊತೆಗೆ ಒಂದು ಪ್ರಶ್ನೆಯೂ ಹುಟ್ಟುತ್ತದೆ. ಅಲ್ಲಿ ಇಬ್ಬರು ವ್ಯಕ್ತಿಗಳಿದ್ದಾರೆ, ಅವರ ನಡುವೆ ಒಂದು ಲೆಕ್ಕ ಬಾಕಿಯಿದೆ.

ಎಚ್ಚರಿಕೆಯೋ, ಶರಣಾಗತಿಯೋ

ಮರ್ಫಿ ನಿಯಮಕ್ಕೆ ಎರಡು ಬಾಳುಗಳಿವೆ. ವಿನ್ಯಾಸಕಾರನ ಬಳಿ ಅದು ಎಚ್ಚರಿಕೆ. ತಪ್ಪಾಗಿ ಜೋಡಿಸಲು ಸಾಧ್ಯವೇ ಇಲ್ಲದಂತೆ ಭಾಗಗಳನ್ನು ರೂಪಿಸಬೇಕೆಂಬ ತತ್ತ್ವಕ್ಕೆ ಜಪಾನಿನ ಶಿಗೆಯೊ ಶಿಂಗೊ 1960ರ ದಶಕದಲ್ಲಿ ಕೊಟ್ಟ ವ್ಯವಸ್ಥಿತ ರೂಪ ಇದೇ ಎಚ್ಚರದ ಇನ್ನೊಂದು ಮುಖ. ತಿರುಗಿಸಿ ಹಾಕಲಾಗದ ಮೂರು ಕಡ್ಡಿಗಳ ವಿದ್ಯುತ್ ಪ್ಲಗ್ ಇದಕ್ಕೆ ದಿನನಿತ್ಯದ ನಿದರ್ಶನ. ಗೋಡೆಗೆ ಅಂಟಿಸಿದ ಹಾಳೆಯ ಮೇಲಾದರೋ ಅದೇ ನಿಯಮ ಶರಣಾಗತಿಯಾಗುತ್ತದೆ. ಏನು ಮಾಡಿದರೂ ಕೆಡುವುದೇ ಆದರೆ ಮಾಡುವುದೇಕೆ ಎಂಬ ತೀರ್ಮಾನಕ್ಕೆ ಅದು ಸುಲಭವಾಗಿ ಇಳಿಯುತ್ತದೆ.

ಈ ಎರಡರ ನಡುವಿನ ಅಂತರ ಕೇವಲ ತಾತ್ತ್ವಿಕವಾದುದಲ್ಲ. 2004ರ ಸೆಪ್ಟೆಂಬರ್ 8ರಂದು ಸೌರಮಾರುತದ ಕಣಗಳನ್ನು ಹೊತ್ತು ಹಿಂದಿರುಗಿದ ಅಮೆರಿಕದ 'ಜೆನೆಸಿಸ್' ನೌಕೆಯ ಕೋಶ ಪ್ಯಾರಾಶೂಟ್ ಬಿಚ್ಚಿಕೊಳ್ಳದೆ ಯೂಟಾದ ಮರುಭೂಮಿಗೆ ಅಪ್ಪಳಿಸಿತು. ವೇಗೋತ್ಕರ್ಷವನ್ನು ಅರಿಯುವ ಸಂವೇದಕಗಳು ವಿನ್ಯಾಸದಲ್ಲಿಯೇ ತಲೆಕೆಳಗಾಗಿದ್ದವು. 2013ರ ಜುಲೈ 2ರಂದು ರಷ್ಯಾದ 'ಪ್ರೋಟಾನ್-ಎಂ' ರಾಕೆಟ್ ಹಾರಿದ ಕೆಲವೇ ಕ್ಷಣಗಳಲ್ಲಿ ತಿರುಗಿ ನೆಲಕ್ಕುರುಳಿತು. ಅಲ್ಲಿಯೂ ಕೋನವೇಗದ ಸಂವೇದಕಗಳನ್ನು ತಲೆಕೆಳಗಾಗಿ ಅಳವಡಿಸಲಾಗಿತ್ತು. 1949ರ ಲೋಪ ಐದಾರು ದಶಕಗಳ ನಂತರ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮರುಕಳಿಸಿತು. ಈ ನಡುವೆ ಮರ್ಫಿಯ ಹೆಸರು ಲೋಕದ ತುಂಬ ಹರಡಿತ್ತು. ಜನರು ಆ ಮಾತಿಗೆ ನಕ್ಕಿದ್ದರು. ನಗೆಯೊಂದಿಗೆ ಬಂದ ಎಚ್ಚರಿಕೆಯನ್ನು ಎಲ್ಲರೂ ಕೇಳಿಸಿಕೊಂಡಿರಲಿಲ್ಲ. ಇದಕ್ಕಿಂತ ಕರಾಳವಾದ ಹಾಸ್ಯವನ್ನು ಯಾವ ಉಪನಿಯಮವೂ ಹೇಳಲಾರದು.

ಉಪಸಂಹಾರ

ಒಟ್ಟಿನಲ್ಲಿ, ಆಧುನಿಕ ನಾಣ್ಣುಡಿಯು ದುರದೃಷ್ಟವನ್ನು ವ್ಯಕ್ತಿಯ ಪಾಪದಿಂದ ಬಿಡಿಸಿ ಲೋಕದ ನಿಯಮವನ್ನಾಗಿ ಮಾಡಿದೆ. ಅದರ ಆಕರ್ಷಣೆಯೂ ಸಾಂತ್ವನವೂ ಇದರಲ್ಲಿವೆ. ಈ ಬಿಡುಗಡೆ ಎಡವಿದವನಿಗೆ ಸಲ್ಲಬೇಕಾದುದು. ಕಲ್ಲನ್ನು ದಾರಿಯಲ್ಲಿ ಬಿಟ್ಟವನಿಗೆ ಸಲ್ಲಬಾರದು. ಎರಡನ್ನೂ ಬೇರ್ಪಡಿಸಿ ನೋಡುವುದು ಇಂತಹ ಮಾತುಗಳ ವಿಮರ್ಶೆಯ ಮೊದಲ ಕರ್ತವ್ಯ.

ಗಾದೆಗಳ ಸಂಗ್ರಹಕ್ಕೂ ಇದರಿಂದ ಒಂದು ಪಾಠವಿದೆ. ಅಕಾರಾದಿಯಲ್ಲಿ ಜೋಡಿಸಿದ ಗಾದೆಗಳ ಪಟ್ಟಿಯಲ್ಲಿ ಮಾತು ಉಳಿಯುತ್ತದೆ, ಅದನ್ನಾಡಿದವರ ಸ್ಥಾನ ಉಳಿಯುವುದಿಲ್ಲ. 'ಬರಗಾಲದಲ್ಲಿ ಅಧಿಕಮಾಸ' ಎಂಬುದನ್ನು ಆಡಿದ್ದು ಹಸಿದವನೋ, ಕಣಜ ತುಂಬಿದವನೋ ಎಂಬುದು ತಿಳಿಯದೆ ಅದರ ಅರ್ಥ ಪೂರ್ಣವಾಗದು. ಬಸ್ ನಿಲ್ದಾಣ, ಆಸ್ಪತ್ರೆಯ ಸಾಲು, ಕಚೇರಿಯ ಕಾರಿಡಾರುಗಳಲ್ಲಿ ಇಂದು ಹುಟ್ಟುತ್ತಿರುವ ಕಹಿಮಾತುಗಳನ್ನು ಅವನ್ನಾಡಿದವರ ಸನ್ನಿವೇಶದೊಡನೆ ದಾಖಲಿಸುವ ಕೆಲಸ ಇನ್ನಾದರೂ ಕ್ರಮಬದ್ಧವಾಗಿ ಆರಂಭವಾಗಬೇಕಾಗಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ ಅದು ಆಗಬಾರದು.